ಚಳಿಗಾಲದ ಸಂಸಾರ



‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಮಿತವ್ಯಯವನ್ನು ಬೋಧಿಸುವ ನಮ್ಮ ಗಾದೆಗಳಲ್ಲೆಲ್ಲ ಬಹು ಪ್ರಸಿದ್ಧವಾದುದು. ಆಯವ್ಯಯದ ಮಾತನ್ನು ಹೇಳುವಾಗ ನಮ್ಮ ಹಿರಿಯರು ತಕ್ಕಡಿಯನ್ನಾಗಲಿ ಲೆಕ್ಕದ ಪುಸ್ತಕವನ್ನಾಗಲಿ ಹಿಡಿಯದೆ ಹಾಸಿಗೆಯನ್ನೇ ಹಿಡಿದರಲ್ಲ, ಇದು ಸೊಗಸಾಗಿದೆ. ಪುಷ್ಯಮಾಸದ ರಾತ್ರಿಯಲ್ಲಿ ಹಾಸಿಗೆ ಸಾಲದವನ ಪಾಡು ಎಂತಹುದೆಂಬುದನ್ನು ಅವರು ಬಲ್ಲವರಾಗಿದ್ದರೆಂದು ತೋರುತ್ತದೆ. ಕೈಯಲ್ಲಿರುವ ಅಲ್ಪ ಹಣದಲ್ಲಿ ಒಂದು ಸಂಸಾರವು ಚಳಿಗಾಲಕ್ಕೆ ಹೇಗೆ ಸಿದ್ಧವಾಗಬಹುದೆಂಬುದೇ ಈ ಹೊತ್ತು ನಾವು ವಿಚಾರಮಾಡಬೇಕಾದ ವಿಷಯ.

‘ನಮ್ಮದೂ ಒಂದು ಚಳಿಯೆ?’ ಎಂದು ಕೆಲವರು ನಗಬಹುದು. ಹಿಮ ಬೀಳುವ ದೇಶಗಳಿಗೆ ಹೋಲಿಸಿದರೆ ನಮ್ಮದು ಚಳಿಯೇ ಅಲ್ಲವೆಂಬುದು ನಿಜ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದ್ದರೂ, ಅಲ್ಲಿ ದಾಖಲಾಗಿರುವ ಅತ್ಯಂತ ಕಡಮೆ ಉಷ್ಣತೆ 1884ನೆಯ ಜನವರಿ 13ರಂದು ಕಂಡ 7.8 ಡಿಗ್ರಿ ಸೆಂಟಿಗ್ರೇಡು. ಸಾಮಾನ್ಯ ವರ್ಷಗಳಲ್ಲಿ ಜನವರಿಯ ಬೆಳಗಿನ ಜಾವ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆದರೆ ಒಂದು ಮಾತನ್ನು ಮರೆಯಬಾರದು. ಶೀತದೇಶದವರು ಮನೆಯನ್ನು ಚಳಿಗಾಗಿ ಕಟ್ಟುತ್ತಾರೆ. ನಾವು ಸೆಕೆಗಾಗಿ ಕಟ್ಟುತ್ತೇವೆ. ಗಾಳಿಯಾಡಲೆಂದು ಕಿಟಕಿ, ತಂಪಿರಲೆಂದು ಕಲ್ಲಿನ ಅಥವಾ ಗಾರೆಯ ನೆಲ, ಹೊಗೆ ಹೋಗಲೆಂದು ಗವಾಕ್ಷಿ. ಆದಕಾರಣ ಹೊರಗಿನ ಚಳಿ ಕಡಮೆಯಾದರೂ ಅದರಲ್ಲಿ ಬಹುಭಾಗವು ನಿರಾತಂಕವಾಗಿ ಒಳಕ್ಕೆ ಬಂದು ಕುಳಿತುಬಿಡುತ್ತದೆ. ಅದು ಗಟ್ಟಿಮುಟ್ಟಾದ ಯುವಕನಿಗೆ ಹಿತವೇ ಆಗಬಹುದು. ಎಪ್ಪತ್ತು ದಾಟಿದ ಅಜ್ಜಿಗೂ ತಿಂಗಳು ತುಂಬದ ಕೂಸಿಗೂ ಹಾಗಲ್ಲ. ಚಳಿಗೆ ರಕ್ತನಾಳಗಳು ಸಂಕೋಚಗೊಂಡು ರಕ್ತದ ಒತ್ತಡ ಏರುತ್ತದೆ. ಹೃದಯದ ಬೇನೆಯುಳ್ಳ ವೃದ್ಧರಿಗೆ ಇದು ಸಣ್ಣ ವಿಷಯವಲ್ಲ.

ಈಗ ಮೂಲತತ್ತ್ವಕ್ಕೆ ಬರೋಣ. ಕಂಬಳಿ ಬೆಚ್ಚಗಿರುತ್ತದೆಂದು ನಾವು ಹೇಳುತ್ತೇವೆ. ವಾಸ್ತವವಾಗಿ ಕಂಬಳಿಯಲ್ಲಿ ಬಿಸಿಯೇ ಇಲ್ಲ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಸುತ್ತಿದರೆ ಗಡ್ಡೆ ಬೇಗ ಕರಗದೆ ಉಳಿಯುತ್ತದೆ. ಉಣ್ಣೆಯ ಎಳೆಗಳ ನಡುವೆ ಸಿಕ್ಕಿಕೊಂಡು ಅಲುಗಾಡದೆ ನಿಂತ ಗಾಳಿಯು ಶಾಖವನ್ನು ಅತ್ತಿತ್ತ ಸಾಗಗೊಡುವುದಿಲ್ಲ, ಗುಟ್ಟೆಲ್ಲ ಅಷ್ಟೆ. ರಂಫರ್ಡ್ ಎಂಬ ವಿಜ್ಞಾನಿ ಹದಿನೆಂಟನೆಯ ಶತಮಾನದ ಕೊನೆಯಲ್ಲಿಯೇ ತುಪ್ಪಟ, ರೇಷ್ಮೆ, ಉಣ್ಣೆಗಳನ್ನು ಪರೀಕ್ಷಿಸಿ ಈ ಸಂಗತಿಯನ್ನು ಎತ್ತಿತೋರಿಸಿದನು. ಹಾಗಾದರೆ ಬಿಸಿ ಎಲ್ಲಿಂದ ಬರುತ್ತದೆ? ನಮ್ಮ ದೇಹದಿಂದಲೇ. ನಿದ್ರಿಸುತ್ತಿರುವ ಮನುಷ್ಯನ ಶರೀರವು ಸುಮಾರು 70-80 ವಾಟಿನಷ್ಟು ಶಾಖವನ್ನು ಬಿಡುತ್ತಿರುತ್ತದೆ. ಪ್ರತಿಯೊಬ್ಬನೂ ಹೊತ್ತಿಸಿಟ್ಟ ಒಂದು ಸಣ್ಣ ಒಲೆಯೇ ಸರಿ. ಅದರ ಸೌದೆಯ ಬೆಲೆಯನ್ನು ನಾವು ಊಟದಲ್ಲಿಯೇ ತೆತ್ತಿದ್ದೇವೆ. ಆದುದರಿಂದ ಮಿತವ್ಯಯದ ಸೂತ್ರವಿದು: ಬಿಸಿಯನ್ನು ಕೊಳ್ಳುವುದಕ್ಕಿಂತ ಮೊದಲು, ಇರುವ ಬಿಸಿಯನ್ನು ಕಾಯತಕ್ಕದ್ದು.

ಒಂದು ಲೆಕ್ಕವನ್ನು ನೋಡಿ. 1000 ವಾಟಿನ ಹೀಟರನ್ನು ರಾತ್ರಿ ಎಂಟು ಗಂಟೆ ಕಾಲ ಉರಿಸಿದರೆ 8 ಯೂನಿಟ್ ವಿದ್ಯುತ್ತು ವೆಚ್ಚವಾಗುತ್ತದೆ. ಅದರ ಬಹುಪಾಲು ಬಿಸಿ ಸೂರಿಗೂ ಗೋಡೆಗೂ ಸಲ್ಲುತ್ತದೆ. ಒಂದು ಲೀಟರು ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಿ, ರಬ್ಬರಿನ ಚೀಲದಲ್ಲಿ ತುಂಬಿ, ದಪ್ಪ ಬಟ್ಟೆಯಲ್ಲಿ ಸುತ್ತಿ, ಅಜ್ಜಿಯ ಹೊದಿಕೆಯೊಳಗೆ ಇಡುವುದಕ್ಕೆ ಒಂದು ಯೂನಿಟ್ಟಿನ ಇಪ್ಪತ್ತನೆಯ ಒಂದು ಭಾಗವೂ ಬೇಕಾಗುವುದಿಲ್ಲ. ಕುದಿಯುವ ನೀರನ್ನು ಮಾತ್ರ ತುಂಬಬಾರದು. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಗ್ಗಿದವರು ಸುಟ್ಟದ್ದನ್ನು ತಿಳಿಯಲಾರರು. ಅವರ ಕಾಲಿಗೂ ಕೂಸಿನ ಮೈಗೂ ಚೀಲ ತಗಲದಂತೆ ನೋಡಿಕೊಳ್ಳಬೇಕು.

ಇನ್ನು ಕಾಸು ಖರ್ಚಿಲ್ಲದ ಕೆಲಸಗಳು. ಮೊದಲನೆಯದು ಬಿಸಿಲು. ನಮ್ಮ ಚಳಿಗಾಲದಲ್ಲಿ ಹಗಲಿನ ಬಿಸಿಲಿಗೆ ಕೊರತೆಯಿಲ್ಲ. ಬೆಳಿಗ್ಗೆ ಬಿಸಿಲೇರಿದ ಮೇಲೆ ಕಿಟಕಿಗಳನ್ನು ತೆರೆದು, ಸಂಜೆ ತಂಗಾಳಿ ಏಳುವ ಮುನ್ನ ಮುಚ್ಚಿದರೆ ಹಗಲಿನ ಕಾವು ರಾತ್ರಿಗೆ ಒದಗುತ್ತದೆ. ಅನೇಕ ಮನೆಗಳಲ್ಲಿ ಇದು ತಲೆಕೆಳಗಾಗಿ ನಡೆಯುವುದುಂಟು: ಹಗಲೆಲ್ಲ ಕದವಿಕ್ಕಿ ಕೆಲಸಕ್ಕೆ ಹೋಗುವುದು, ಸಂಜೆ ಬಂದು ತೆರೆಯುವುದು. ಹಾಸಿಗೆ, ದಿಂಬು, ಹೊದಿಕೆಗಳನ್ನು ವಾರಕ್ಕೊಮ್ಮೆಯಾದರೂ ಬಿಸಿಲಿಗೆ ಹಾಕಿದರೆ ತೇವ ಆರಿ, ಹತ್ತಿ ಉಬ್ಬಿ, ಗಾಳಿಗೆ ಪುನಃ ಎಡೆಯಾಗುತ್ತದೆ. ತೇವವೂ ಚಪ್ಪಟೆಯಾಗುವಿಕೆಯೂ ಹೊದಿಕೆಯ ಎರಡು ಶತ್ರುಗಳು.

ಎರಡನೆಯದು ನೆಲ. ಚಳಿಯಾದೊಡನೆ ನಾವು ಮೇಲೆ ಹೊದೆಯುವುದನ್ನೇ ಹೆಚ್ಚಿಸುತ್ತೇವೆ. ಕೆಳಗಿನಿಂದ ಹೋಗುವ ಬಿಸಿಯನ್ನು ಗಮನಿಸುವುದಿಲ್ಲ. ನೆಲದ ಮೇಲೆ ಮಲಗುವವನ ಮೈಭಾರಕ್ಕೆ ತೆಳ್ಳನೆಯ ಹಾಸಿಗೆ ಅದುಮಿಹೋಗಿ, ಕಲ್ಲು ಅವನ ಶಾಖವನ್ನು ರಾತ್ರಿಯೆಲ್ಲ ಹೀರುತ್ತದೆ. ಮನೆಯಲ್ಲಿ ಎರಡು ಕಂಬಳಿಗಳಿದ್ದರೆ ಒಂದನ್ನು ಚಾಪೆಯ ಮೇಲೆ ಹಾಸಿ, ಒಂದನ್ನು ಹೊದೆಯುವುದು ಲೇಸು. ಚಾಪೆಯ ಕೆಳಗೆ ಹಳೆಯ ವೃತ್ತಪತ್ರಿಕೆಗಳನ್ನು ನಾಲ್ಕಾರು ಪದರ ಹರಡುವುದೂ ಪ್ರಯೋಜನಕಾರಿ.

ಸ್ವಲ್ಪ ಹಣವುಳ್ಳವರು ಮೊದಲು ಕೊಳ್ಳತಕ್ಕದ್ದು ಹೊದಿಕೆ. ಚಳ್ಳಕೆರೆ, ಚಿತ್ರದುರ್ಗದ ಸೀಮೆಯಲ್ಲಿ ಕುರಿಯ ಉಣ್ಣೆಯಿಂದ ನೇಯ್ದ ಕರಿಯ ಕಂಬಳಿ ಒರಟಾದರೂ ಬಹುಕಾಲ ಬಾಳುತ್ತದೆ. ಒಳಗೆ ಹಳೆಯ ಮೆತ್ತನೆಯ ಸೀರೆಯನ್ನು ಹೊದ್ದು ಅದರ ಮೇಲೆ ಕಂಬಳಿಯನ್ನು ಎಳೆದುಕೊಂಡರೆ ಮೈ ಚುಚ್ಚುವುದೂ ಇಲ್ಲ, ನಡುವೆ ಗಾಳಿಯ ಒಂದು ಪದರವೂ ಹೆಚ್ಚುತ್ತದೆ. ಉತ್ತರ ಕರ್ನಾಟಕದ ಗೃಹಿಣಿಯರು ಹಳೆಯ ಸೀರೆ ಧೋತರಗಳನ್ನು ಪದರ ಪದರವಾಗಿ ಜೋಡಿಸಿ ಹೊಲಿಯುವ ಕೌದಿಗೆ ನೂಲು ಸೂಜಿಗಳ ಬೆಲೆಯಲ್ಲದೆ ಬೇರೆ ವೆಚ್ಚವಿಲ್ಲ. ಉಡುಪಿನಲ್ಲಿಯೂ ಇದೇ ನ್ಯಾಯ: ದಪ್ಪನಾದ ಒಂದು ಅಂಗಿಗಿಂತ ತೆಳುವಾದ ಎರಡು ಅಂಗಿಗಳು ಮೇಲು.

ಸ್ನಾನದ ನೀರಿನ ಲೆಕ್ಕವೂ ತಿಳಿದಿರಲಿ. 15 ಲೀಟರಿನ ಒಂದು ಬಕೆಟ್ಟು ನೀರನ್ನು 20ರಿಂದ 40 ಡಿಗ್ರಿಗೆ ಏರಿಸಲು ಸುಮಾರು ಮೂರನೆಯ ಒಂದು ಯೂನಿಟ್ಟು ಸಾಕು. 50 ಲೀಟರು ಸುರಿಸುವ ಷವರಿಗೆ ಅದರ ಮೂರರಷ್ಟಕ್ಕಿಂತ ಹೆಚ್ಚು ಬೇಕು. ನಾಲ್ವರ ಸಂಸಾರದಲ್ಲಿ ಈ ಒಂದು ಅಭ್ಯಾಸದಿಂದ ದಿನಕ್ಕೆ ಮೂರು ಯೂನಿಟ್ಟು ಉಳಿಯುವುದು.

ಆಹಾರದ ವಿಷಯದಲ್ಲಿ ಋತುವೇ ನಮಗೆ ನೆರವಾಗಿದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಪರಿಷೆಯಲ್ಲಿ ರಾಶಿ ಬೀಳುವ ಕಡಲೆಕಾಯಿ, ಅದರ ಬೆನ್ನಿಗೇ ಬರುವ ಸೊಗಡಿನ ಅವರೆಕಾಯಿ, ಸಂಕ್ರಾಂತಿಯ ಎಳ್ಳುಬೆಲ್ಲ: ಇವು ರುಚಿಗೆ ಮಾತ್ರವಲ್ಲ, ಮೈಯ ಒಲೆಗೆ ಒಳ್ಳೆಯ ಸೌದೆಯೂ ಹೌದು. ಇವು ಸುಗ್ಗಿಯಲ್ಲಿ ಹೇರಳವಾಗಿ ದೊರೆಯುವಾಗ ಡಬ್ಬಿಯಲ್ಲಿ ಬರುವ ಪುಷ್ಟಿಯ ಪುಡಿಗಳಿಗೆ ಹಣ ಸುರಿಯುವುದೇಕೆ?

ಶ್ರೋತೃಗಳೇ, ಇಲ್ಲಿಯವರೆಗೆ ಹೇಳಿದುದನ್ನು ಮರೆತರೂ ಚಿಂತೆಯಿಲ್ಲ. ಮುಂದೆ ಹೇಳುವುದನ್ನು ದಯವಿಟ್ಟು ಮರೆಯಬೇಡಿ. ಅಗ್ಗದ ಬಿಸಿಯೆಂದು ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಭದ್ರಪಡಿಸುವವರಿದ್ದಾರೆ. ಬಾಣಂತಿಯ ಕೋಣೆಯಲ್ಲಿ ಈ ರೂಢಿ ವಿಶೇಷ. ಕೆಂಡಕ್ಕೆ ಸಾಕಷ್ಟು ಗಾಳಿ ದೊರೆಯದಿದ್ದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಕಣಗಳನ್ನು ಅದು ಆಮ್ಲಜನಕಕ್ಕಿಂತ ಇನ್ನೂರು ಪಾಲಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆ ಸುತ್ತುವುದು, ವಾಕರಿಕೆ, ಮಂಪರು. ಮಲಗಿದವರು ಏಳುವುದೇ ಇಲ್ಲ. ಕೆಂಡದಲ್ಲಿ ಹೊಗೆಯಿಲ್ಲವೆಂಬ ಧೈರ್ಯವು ಪೊಳ್ಳು ಧೈರ್ಯ. ಗಾಳಿಯಾಡದ ಬಚ್ಚಲಮನೆಯಲ್ಲಿ ಹಾಕಿಸಿದ ಗ್ಯಾಸ್ ಗೀಸರಿನಿಂದಲೂ ಇದೇ ಮೃತ್ಯು ಬರುತ್ತದೆ. ಬೆಂಗಳೂರಿನಂತಹ ನಗರಗಳಲ್ಲಿ ಹೀಗೆ ಪ್ರಾಣ ಕಳೆದುಕೊಂಡವರಿದ್ದಾರೆ. ಆದುದರಿಂದ ಕೆಂಡವು ಮಲಗುವ ಕೋಣೆಗೆ ಬರಕೂಡದು. ಗ್ಯಾಸ್ ಗೀಸರನ್ನು ಬಚ್ಚಲಮನೆಯ ಹೊರಗೆ, ಗಾಳಿಯಾಡುವೆಡೆಯಲ್ಲಿ ಹಾಕಿಸಬೇಕು. ಸ್ನಾನಮಾಡುವಾಗ ತಲೆ ತಿರುಗಿದರೆ ಒಡನೆಯೇ ಕದ ತೆರೆದು ಹೊರಗೆ ಬರಬೇಕು. ಉಳಿತಾಯವೆಂಬುದು ಪ್ರಾಣವನ್ನು ಪಣವಾಗಿ ಒಡ್ಡುವ ಆಟವಾಗಬಾರದು.

ಹಾಗಾದರೆ ಕೂಸಿಗೆ ಬೆಚ್ಚಗಾಗುವುದು ಹೇಗೆ? ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯೊಂದರಲ್ಲಿ ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಸಾಕಷ್ಟು ಬಿಸಿಪೆಟ್ಟಿಗೆಗಳು ಇಲ್ಲದಿರಲಾಗಿ, 1978ರಲ್ಲಿ ಎಡ್ಗರ್ ರೇ ಎಂಬ ವೈದ್ಯರು ಕೂಸನ್ನು ತಾಯಿಯ ಬರಿಯ ಎದೆಗೆ ಅಂಟಿಸಿ ಕಟ್ಟುವ ಕ್ರಮವನ್ನು ಆರಂಭಿಸಿದರು. ಇಂದು ಅದನ್ನು ಜಗತ್ತಿನ ವೈದ್ಯರೆಲ್ಲ ಮನ್ನಿಸುತ್ತಾರೆ. ಬಿಸಿಯನ್ನು ಕಾಯುವುದೇ ಬಿಸಿಯನ್ನು ಕೊಳ್ಳುವುದಕ್ಕಿಂತ ಮೇಲೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕೆ? ಕೂಸಿನ ತಲೆಗೊಂದು ಕುಲಾವಿ, ಒಣಗಿದ ಬಟ್ಟೆ, ತಾಯಿಯ ಎದೆ. ಇವುಗಳ ಮುಂದೆ ಅಗ್ಗಿಷ್ಟಿಕೆ ಏತಕ್ಕೆ?

ಕೊನೆಯದಾಗಿ ಒಂದು ಮಾತು. ಸಂಸಾರದ ಬಡತನವು ಎಲ್ಲರ ಪಾಲಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಯಜಮಾನನಿಗೆ ಮಂಚ, ಓದುವ ಹುಡುಗನಿಗೆ ಸ್ವೆಟರು, ಅತಿಥಿಗೆ ಹೊಸ ರಜಾಯಿ. ಎಲ್ಲರಿಗಿಂತ ಮೊದಲೆದ್ದು ತಣ್ಣೀರಿನಲ್ಲಿ ಕೈಯಿಡುವ ಗೃಹಿಣಿಗೆ ಹರಿದ ದುಪ್ಪಟಿ. ಕಸಮುಸುರೆಗೆಂದು ಬೆಳಕು ಹರಿಯುವ ಮುನ್ನ ಬರುವ ಹೆಂಗಸಿನ ಲೆಕ್ಕವಂತೂ ಯಾರಲ್ಲಿಯೂ ಇರುವುದಿಲ್ಲ. ಪಾತ್ರೆ ತೊಳೆಯಲು ಆಕೆಗೆ ಒಂದು ಚೊಂಬು ಬಿಸಿನೀರನ್ನು ಬೆರೆಸಿಕೊಟ್ಟರೆ ನಮ್ಮ ಸಂಸಾರವೇನೂ ಮುಳುಗದು. ಈ ವರ್ಷ ಅಂಗಡಿಗೆ ಹೊರಡುವ ಮುನ್ನ, ಮನೆಯವರೆಲ್ಲ ಮಲಗಿದ ಮೇಲೆ ಒಂದು ರಾತ್ರಿ ಮನೆಯನ್ನು ಸುತ್ತಿ ನೋಡಿರಿ. ಗಾಳಿ ಎಲ್ಲಿ ನುಗ್ಗುತ್ತದೆ? ಅತ್ಯಂತ ತಣ್ಣಗಿರುವ ಮೂಲೆ ಯಾವುದು? ಅಲ್ಲಿ ಮಲಗಿರುವವರು ಯಾರು? ಕೊಳ್ಳುವ ಮೊದಲನೆಯ ಹೊದಿಕೆ ಅವರಿಗೆ ಸಲ್ಲಲಿ. ಎರಡನೆಯದರ ವಿಚಾರವನ್ನು ಮುಂದಿನ ತಿಂಗಳ ಸಂಬಳ ಬಂದಾಗ ನೋಡಿಕೊಳ್ಳೋಣ. ಶಿವರಾತ್ರಿಯವರೆಗೂ ಚಳಿ ಇದ್ದೇ ಇರುತ್ತದೆ.