ಮುಖವಾಡದ ಹಿಂದೆ ಯಾರು?

(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಸಿನೇಮಾದ ಮಾತೆಂದರೆ ಹೊತ್ತು ಕಳೆಯುವ ಮಾತೆಂದು ನಾವು ತಿಳಿಯುವುದುಂಟು. ಇಂದು ಹೇಳಹೊರಟಿರುವ ಚಿತ್ರವೂ ತಿಳಿದವರೆನಿಸಿಕೊಂಡವರು ಮೂಗು ಮುರಿಯುತ್ತಿದ್ದ ಜಾತಿಯದೇ. ಆದರೂ ಅದರಲ್ಲಿ ನಮಗೊಂದು ಪಾಠವಿದೆ.

1931ರ ಮಾರ್ಚ್ 14ರಂದು ಗಿರಗಾಂವದ ಮೆಜೆಸ್ಟಿಕ್ ಥಿಯೇಟರಿನಲ್ಲಿ 'ಆಲಂ ಆರಾ' ತೆರೆಕಂಡು ನಮ್ಮ ದೇಶದಲ್ಲಿ ಮಾತಿನ ಚಿತ್ರಗಳ ಯುಗ ಆರಂಭವಾಯಿತು. 1933ರಲ್ಲಿ ಜೆ.ಬಿ.ಎಚ್. ವಾಡಿಯಾ, ಹೋಮಿ ವಾಡಿಯಾ ಎಂಬ ಅಣ್ಣತಮ್ಮಂದಿರು ವಾಡಿಯಾ ಮೂವಿಟೋನ್ ಕಂಪನಿ ಕಟ್ಟಿದರು. ಅವರ ಸ್ಟುಡಿಯೋ ಇದ್ದುದು ಗಿರಣಿಗಳ ಪರೇಲಿನಲ್ಲೇ. ಅಮೇರಿಕದ ಸಣ್ಣ ಕಂಪನಿಗಳು ಅಲ್ಪ ಖರ್ಚಿನಲ್ಲಿ ಕೊಲೆ, ಪತ್ತೇದಾರಿಯ ಚಿತ್ರಗಳನ್ನು ತೆಗೆಯುತ್ತಿದ್ದ ಕಾಲವದು. ಆ ಬಗೆಯ ಕಥೆಯನ್ನು ಇವರು ನಮ್ಮ ನೆಲಕ್ಕೆ ಒಗ್ಗಿಸಿದರು. 1936ರ 'ಮಿಸ್ ಫ್ರಾಂಟಿಯರ್ ಮೇಲ್' ಅಂಥದೊಂದು. ಮುಂಬಯಿಯಿಂದ ಪೇಶಾವರಕ್ಕೆ 1928ರಲ್ಲಿ ಓಡತೊಡಗಿದ ರೈಲಿನ ಹೆಸರೇ ಅದಕ್ಕೆ.

ಕಥೆ ಹೀಗಿದೆ. ರೈಲ್ವೆ ನೌಕರನೊಬ್ಬನ ಕೊಲೆಯಾಗುತ್ತದೆ. ಸ್ಟೇಷನ್ ಮಾಸ್ತರ ಮಗನ್‌ಲಾಲನ ಮೇಲೆ ಆರೋಪ ಬೀಳುತ್ತದೆ. ಆತನ ಮಗಳು ಸವಿತಾ ನಿಜ ಅಪರಾಧಿಯನ್ನು ಹುಡುಕಲು ಹೊರಡುತ್ತಾಳೆ. ಓಡುವ ರೈಲಿನ ಮೇಲೆ ನಿಂತು ಪುಂಡರೊಡನೆ ಹೊಡೆದಾಡುತ್ತಾಳೆ. ಈ ಪಾತ್ರ ಮಾಡಿದವರು ಆಸ್ಟ್ರೇಲಿಯದಲ್ಲಿ ಹುಟ್ಟಿದ ನಾದಿಯಾ. ಸಾಹಸಗಳನ್ನು ತಾವೇ ಮಾಡುವುದಕ್ಕೆ ಅವರು ಹೆಸರಾಗಿದ್ದರು.

ಕೊನೆಗೆ 'ಸಿಗ್ನಲ್ ಎಕ್ಸ್' ಎಂಬ ಮುಖವಾಡದ ಪಾತಕಿ ಯಾರು? ಮಗನ್‌ಲಾಲನ ಸ್ವಂತ ಸೋದರ ಶ್ಯಾಮಲಾಲ! ರೈಲು ಕೆಟ್ಟರೆ ವಿಮಾನದ ವ್ಯಾಪಾರ ಬೆಳೆಯುತ್ತದೆಂಬ ಲಾಭದ ಲೆಕ್ಕಾಚಾರ ಇದರ ಹಿಂದಿತ್ತು.

ಮಿತ್ರರೇ, ಇದು ಕೇವಲ ತೆರೆಯ ಮೇಲಿನ ಸಂಗತಿಯೇ? ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಹತ್ತು ರೂಪಾಯಿ ಕಡಿಮೆಯಾದರೆ ಮೊದಲು ಝಡತಿ ಯಾರದು? ಟೇಬಲ್ ಒರಸುವ ಹುಡುಗನದು. ಗಿರಣಿಗಳು ನಡೆಯುತ್ತಿದ್ದ ದಿನಗಳಲ್ಲಿ ಮಾಲು ಕಾಣದಾದರೆ ಮೊದಲು ತಡವುತ್ತಿದ್ದುದು ಬದಲಿ ಕೆಲಸಗಾರನ ಜೇಬನ್ನು. ಲೆಕ್ಕ ಬರೆದವರನ್ನು, ಬೀಗದ ಕೈ ಇಟ್ಟುಕೊಂಡವರನ್ನು ಕೇಳುವವರಿಲ್ಲ. ಕಳ್ಳನೆಂಬ ಹೆಸರು ಹೊತ್ತು ಊರಿಗೆ ಹೋದ ಹುಡುಗನಿಗೆ ಮತ್ತೆ ಯಾರು ಕೆಲಸ ಕೊಡುತ್ತಾರೆ?

ನಮ್ಮಲ್ಲೂ ತಪ್ಪಿದೆ. ಜತೆಯವನ ಮೇಲೆ ಆರೋಪ ಬಂದಾಗ 'ನಮಗೇಕೆ ಉಸಾಬರಿ' ಎಂದು ನಾವು ಮುಖ ತಿರುಗಿಸಿದ್ದೇವೆ. ಇನ್ನು ಮುಂದೆ ಹಾಗಾಗಬಾರದು. ಅಂಥ ಪ್ರಸಂಗ ಬಂದಾಗ ನಮ್ಮಲ್ಲಿ ಇಬ್ಬರಾದರೂ ಹೋಗಿ ನಿಲ್ಲೋಣ. 'ಲೆಕ್ಕದ ಪುಸ್ತಕ ತೋರಿಸಿರಿ, ವಿಚಾರಣೆಯಾಗಲಿ' ಎಂದು ವಿನಯದಿಂದ, ಆದರೆ ಗಟ್ಟಿಯಾಗಿ ಕೇಳೋಣ. ಕದ್ದದ್ದು ನಿಜವಾದರೆ ಅವನ ಪಕ್ಷ ವಹಿಸುವುದು ಬೇಡ. ನಿಜವಲ್ಲದಿದ್ದರೆ ಅವನನ್ನು ಒಂಟಿಯಾಗಿ ಬಿಡುವುದೂ ಬೇಡ.

ಸವಿತಾಳಂತೆ ರೈಲಿನ ಮೇಲೆ ಹತ್ತಬೇಕಾಗಿಲ್ಲ. ಹೋಟೆಲಿನ ಗಲ್ಲೆಯವರೆಗೆ ಹೋದರೆ ಸಾಕು.