ಕಿವುಡ, ಅಂಧ ಮಕ್ಕಳಿಗೂ ಶಾಲೆಯುಂಟು



ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ 1901ರಲ್ಲೇ ಆರಂಭವಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದವರು ಸಂಗೀತ ಕಲಿತು ನಾಡಿಗೇ ಹೆಸರಾದರು. ಆದರೂ ಹಳ್ಳಿಗಳಲ್ಲಿ 'ಇದನ್ನ ಶಾಲೆಗೆ ಕಳಿಸಿ ಏನ್ಮಾಡೋದು' ಎಂಬ ಮಾತು ಇನ್ನೂ ಹೋಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಶಿಕ್ಷಣ ಉಚಿತ. ಊರ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಅವರದು. ಅಂಧ ಮಗುವಿಗೆ ಬ್ರೈಲ್ ಇದೆ, ಪರೀಕ್ಷೆಯಲ್ಲಿ ಬರೆದುಕೊಡುವವರಿಗೂ ಅವಕಾಶವಿದೆ. ನನಗೆ ಹೆಚ್ಚು ಚಿಂತೆ ಕಿವುಡ ಮಗುವಿನದು. ಅದರ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಶಾಲೆಯ ವಯಸ್ಸಿನವರೆಗೆ ಕಾದರೆ, ಮಾತಾಗಲಿ ಸನ್ನೆಯಾಗಲಿ, ಭಾಷೆ ಕಲಿಯುವ ಕಾಲವೇ ಜಾರುತ್ತದೆ. ನಿಮ್ಮ ಓಣಿಯಲ್ಲಿ ಅಂಥ ಕೂಸಿದ್ದರೆ, ಊಟಕ್ಕೆ ಕೂಡುವ ಮೊದಲು ಮುಖ್ಯಗುರುಗಳ ಹತ್ತಿರ ಹೆಸರು ಬರೆಸಿ.