ಖಾಕಿಯಲ್ಲಿ ನಮ್ಮ ಮಕ್ಕಳು: ಪೊಲೀಸ್ ಇಲಾಖೆಯಲ್ಲಿ ಉದ್ಯೋಗ ಮತ್ತು ಸೇವೆಯ ಅವಕಾಶಗಳು

(ಕುಕ್ ಟೌನ್‌ನಲ್ಲಿ ನಡೆದ ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ವೈದ್ಯಕೀಯ, ಇಂಜಿನಿಯರಿಂಗ್ ಬಗ್ಗೆ ನಮ್ಮ ಸಭೆಗಳಲ್ಲಿ ಬಹಳಷ್ಟು ಮಾತಾಡಿದ್ದೇವೆ. ಪೊಲೀಸ್ ಇಲಾಖೆಯ ಬಗ್ಗೆ ಮಾತಾಡಿದ್ದು ಕಡಿಮೆ. ನಮ್ಮ ಮನೆಗಳಲ್ಲಿ ಪೊಲೀಸ್ ಎಂದರೆ ದೂರ ಇರಬೇಕಾದ ವಿಷಯ ಎಂಬ ಭಾವನೆ ಇದೆ. ಈ ದೂರದಿಂದ ನಷ್ಟವಾಗುತ್ತಿರುವುದು ಯಾರಿಗೆ ಎಂಬುದನ್ನು ಯೋಚಿಸಬೇಕು.

2006ರಲ್ಲಿ ಬಂದ ಸಾಚಾರ್ ಸಮಿತಿ ವರದಿಯ ಪ್ರಕಾರ ಐಪಿಎಸ್ ಅಧಿಕಾರಿಗಳಲ್ಲಿ ಮುಸ್ಲಿಮರು ಶೇ 4ರಷ್ಟಿದ್ದರು. 2001ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 13.4. ಈ ಅಂತರಕ್ಕೆ ಕಾರಣಗಳು ಹಲವು. ಅರ್ಜಿಯನ್ನೇ ಹಾಕದಿರುವುದು ಅವುಗಳಲ್ಲಿ ಒಂದು, ಮತ್ತು ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ. ಬೆಂಗಳೂರಿನ ಅಂಚಿನ ಚಿಕ್ಕಬಾಣಾವರದ ಡಾ. ಎಂ.ಎ. ಸಲೀಂ ಅವರು 1993ನೇ ಸಾಲಿನ ಐಪಿಎಸ್ ಅಧಿಕಾರಿ. ನಗರದ ಸಂಚಾರ ವಿಭಾಗದಲ್ಲಿ ದುಡಿದು, ಸಂಚಾರ ನಿರ್ವಹಣೆಯ ಮೇಲೆಯೇ ಡಾಕ್ಟರೇಟ್ ಪಡೆದು, 2025ರಲ್ಲಿ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿ ನೇಮಕಗೊಂಡರು. ಆದ್ದರಿಂದ ಬಾಗಿಲು ಮುಚ್ಚಿದೆ ಎಂದು ಹೇಳುವ ಮೊದಲು ಅದನ್ನು ತಟ್ಟಿ ನೋಡೋಣ.

ಈಗ ಉದ್ಯೋಗದ ವಿವರ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾದವರು ಸಶಸ್ತ್ರ ಕಾನ್‌ಸ್ಟೆಬಲ್ ಹುದ್ದೆಗೆ, ಪಿಯುಸಿ ಪಾಸಾದವರು ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ, ಪದವೀಧರರು ಪಿಎಸ್‌ಐ ಹುದ್ದೆಗೆ ಅರ್ಜಿ ಹಾಕಬಹುದು. ಡಿವೈಎಸ್‌ಪಿ ಆಗಲು ಕೆಪಿಎಸ್‌ಸಿ ಪರೀಕ್ಷೆ, ಐಪಿಎಸ್‌ಗೆ ಯುಪಿಎಸ್‌ಸಿ ಪರೀಕ್ಷೆ ಇದೆ. ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ 100 ಅಂಕಗಳದ್ದು. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ, ಹಾಗಾಗಿ ಗೊತ್ತಿಲ್ಲದ ಪ್ರಶ್ನೆಗೆ ಗುರುತು ಹಾಕಬೇಡಿ.

ದೇಹದಾರ್ಢ್ಯದ ವಿಷಯ. ಇತ್ತೀಚಿನ ಸಿವಿಲ್ ಕಾನ್‌ಸ್ಟೆಬಲ್ ಅಧಿಸೂಚನೆಗಳಂತೆ ಪುರುಷರಿಗೆ 168 ಸೆಂ.ಮೀ. ಎತ್ತರ ಬೇಕು, 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಮಹಿಳೆಯರಿಗೆ 157 ಸೆಂ.ಮೀ. ಎತ್ತರ, 400 ಮೀಟರನ್ನು 2 ನಿಮಿಷದಲ್ಲಿ ಓಡಬೇಕು. ಉದ್ದ ಜಿಗಿತ ಅಥವಾ ಎತ್ತರ ಜಿಗಿತ, ಗುಂಡು ಎಸೆತವೂ ಇರುತ್ತವೆ. ಇದು ಒಂದು ವಾರದಲ್ಲಿ ಬರುವ ಶಕ್ತಿಯಲ್ಲ. ಅಧಿಸೂಚನೆ ಬಂದ ಮೇಲೆ ಓಡಲು ಶುರು ಮಾಡುವವನು ಹಿಂದೆ ಬೀಳುತ್ತಾನೆ. ಇಂದಿನಿಂದಲೇ ಬೆಳಿಗ್ಗೆ ಎದ್ದು ಓಡಿ. ವಯೋಮಿತಿ ಆಗಾಗ ಬದಲಾಗುವುದರಿಂದ ಪ್ರತಿ ಅಧಿಸೂಚನೆಯನ್ನು ಇಲಾಖೆಯ ಅಧಿಕೃತ ವೆಬ್‌ಸೈಟ್‌ನಲ್ಲಿ ನೀವೇ ಓದಿ. ಪ್ರವರ್ಗ 2ಬಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಮೊದಲೇ ನಾಡಕಚೇರಿಯಿಂದ ಪಡೆದಿಟ್ಟುಕೊಳ್ಳಿ. ಕೊನೆಯ ದಿನ ಓಡಾಡಿದರೆ ಸಿಗುವುದಿಲ್ಲ.

ಇಲ್ಲಿ ಒಂದು ಕಹಿ ಮಾತನ್ನೂ ಹೇಳಬೇಕು. ಪಿಎಸ್‌ಐ ಪರೀಕ್ಷೆಯ ಮೊದಲ ಪತ್ರಿಕೆ 50 ಅಂಕಗಳದ್ದು. ಅದರಲ್ಲಿ ಪ್ರಬಂಧ, ಸಾರಾಂಶ, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಇರುತ್ತದೆ. ದಂಡು ಪ್ರದೇಶದ ನಮ್ಮ ಮಕ್ಕಳು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು ಆಡುತ್ತಾರೆ. ಕನ್ನಡ ಪಾಸಾದರೆ ಸಾಕು ಎಂದು ಬಿಡುತ್ತಾರೆ. ಠಾಣೆಯ ದಿನಚರಿ, ದೂರು, ಹೇಳಿಕೆ ಎಲ್ಲವೂ ಕನ್ನಡದಲ್ಲಿ. ಕನ್ನಡ ಬರೆಯಲು ಬಾರದವನು ಆ ಮೇಜಿನ ಹಿಂದೆ ಕೂರಲಾರ. ದಿನಕ್ಕೆ ಒಂದು ಕನ್ನಡ ಪತ್ರಿಕೆ ಓದಿ, ವಾರಕ್ಕೆ ಎರಡು ಪುಟ ಬರೆಯಿರಿ. ನಾಲ್ಕು ಭಾಷೆ ಬಲ್ಲ ಪೊಲೀಸ್ ಅಧಿಕಾರಿ ಶಿವಾಜಿನಗರದಂಥ ಜಾಗದಲ್ಲಿ ಎಷ್ಟು ಜಗಳ ಬಗೆಹರಿಸಬಲ್ಲ, ಯೋಚಿಸಿ.

ಹಣ ಕೊಟ್ಟರೆ ಹುದ್ದೆ ಕೊಡಿಸುತ್ತೇವೆ ಎನ್ನುವವರು ನಿಮ್ಮ ಬಳಿಯೂ ಬರಬಹುದು. 2021ರ ಅಕ್ಟೋಬರ್ 3ರಂದು ನಡೆದ 545 ಪಿಎಸ್‌ಐ ಹುದ್ದೆಗಳ ಪರೀಕ್ಷೆಯಲ್ಲಿ ಅಕ್ರಮ ಬಯಲಾಗಿ, 2022ರಲ್ಲಿ ಇಡೀ ಪರೀಕ್ಷೆ ರದ್ದಾಯಿತು. ಹಿರಿಯ ಅಧಿಕಾರಿಗಳೂ ಬಂಧನಕ್ಕೊಳಗಾದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಓದಿದವರೂ ಎರಡು ವರ್ಷಕ್ಕಿಂತ ಹೆಚ್ಚು ಕಾದರು. ಪೋಷಕರಲ್ಲಿ ನನ್ನ ವಿನಂತಿ, ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ವಿಜ್ಞಾನ ಓದುವವರಿಗೆ ಇನ್ನೊಂದು ದಾರಿ ತೆರೆದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೇಳುತ್ತದೆ. ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಓದಿದವರಿಗೆ ಇದರಿಂದ ಬೇಡಿಕೆ ಹೆಚ್ಚಿದೆ. ಕಾನೂನು ಓದಿದವರು ಸರ್ಕಾರಿ ಅಭಿಯೋಜಕರಾಗಬಹುದು.

ಹುದ್ದೆ ಬೇಡ, ಸೇವೆ ಮಾಡುವ ಆಸೆ ಇದೆ ಎನ್ನುವವರಿಗೂ ಜಾಗವಿದೆ. ಗೃಹರಕ್ಷಕ ದಳ ಮತ್ತು ಪೌರರಕ್ಷಣೆಯ ಕೇಂದ್ರ ಕಚೇರಿ ನಮ್ಮ ಪಕ್ಕದಲ್ಲೇ, ಹಲಸೂರು ಕೆರೆಯ ಬಳಿಯ ಅಣ್ಣಾಸ್ವಾಮಿ ಮೊದಲಿಯಾರ್ ರಸ್ತೆಯಲ್ಲಿದೆ. ಗೃಹರಕ್ಷಕರದು ಕಾಯಂ ಕೆಲಸವಲ್ಲ, ಕರ್ತವ್ಯದ ದಿನಗಳಿಗೆ ಭತ್ಯೆ ಸಿಗುತ್ತದೆ. ಹಬ್ಬ, ಚುನಾವಣೆ, ಸಂಚಾರ ನಿಯಂತ್ರಣದಲ್ಲಿ ಅವರು ಪೊಲೀಸರ ಜೊತೆ ನಿಲ್ಲುತ್ತಾರೆ. ಪೌರರಕ್ಷಣೆಯಲ್ಲಿ ಪ್ರಥಮ ಚಿಕಿತ್ಸೆ, ಬೆಂಕಿ ಆರಿಸುವುದು, ರಕ್ಷಣಾ ಕಾರ್ಯ ಕಲಿಸುತ್ತಾರೆ. ಸಂಚಾರ ಪೊಲೀಸರ ಜೊತೆ ಟ್ರಾಫಿಕ್ ವಾರ್ಡನ್ ಆಗಿ ಸಂಬಳವಿಲ್ಲದೆ ದುಡಿಯುವ ನಾಗರಿಕರು ನಗರದಲ್ಲಿದ್ದಾರೆ. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ 2002ರಲ್ಲಿ ಆರಂಭಿಸಿದ ಹಿರಿಯರ ಸಹಾಯವಾಣಿ 1090, ಪೊಲೀಸರೂ ನಾಗರಿಕರೂ ಸೇರಿದರೆ ಏನಾಗಬಹುದು ಎಂಬುದಕ್ಕೆ ಒಳ್ಳೆಯ ಉದಾಹರಣೆ. ಅಷ್ಟೂ ಆಗದಿದ್ದರೆ ನಿಮ್ಮ ಬೀದಿಯ ಬೀಟ್ ಪೊಲೀಸ್ ಯಾರು ಎಂದು ತಿಳಿದುಕೊಳ್ಳಿ. ಹಣ ವಂಚನೆಯಾದ ಅಜ್ಜಿಗೆ 1930ಕ್ಕೆ ಕರೆ ಮಾಡಿಕೊಡುವುದೂ ಸೇವೆಯೇ.

ಕೊನೆಯದಾಗಿ ಒಂದು ಮಾತು. 2020ರ ಆಗಸ್ಟ್ 11ರ ರಾತ್ರಿಯನ್ನು ಈ ಭಾಗದವರು ಮರೆತಿಲ್ಲ. ಫೇಸ್‌ಬುಕ್‌ನ ಒಂದು ಬರಹದಿಂದ ಹತ್ತಿದ ಕಿಡಿ ಡಿ.ಜೆ.ಹಳ್ಳಿ, ಕೆ.ಜಿ.ಹಳ್ಳಿ ಠಾಣೆಗಳ ತನಕ ಹೋಯಿತು. ಗೋಲಿಬಾರಿನಲ್ಲಿ ಪ್ರಾಣಗಳು ಹೋದವು, ನೂರಾರು ಯುವಕರು ಬಂಧನಕ್ಕೊಳಗಾದರು. ಅದೇ ರಾತ್ರಿ ಅಲ್ಲಿನ ಒಂದು ದೇವಸ್ಥಾನದ ಸುತ್ತ ಮುಸ್ಲಿಂ ಯುವಕರು ಕೈಕೈ ಹಿಡಿದು ಕಾವಲು ನಿಂತರು. ಅವರಿಗೆ ಯಾರೂ ಸಮವಸ್ತ್ರ ಕೊಟ್ಟಿರಲಿಲ್ಲ. ವಿದ್ಯಾರ್ಥಿಗಳೇ, ಒಂದು ಮೊಕದ್ದಮೆ ದಾಖಲಾದರೆ ನೇಮಕಾತಿಯ ವೇಳೆ ನಡೆಯುವ ಪೂರ್ವಾಪರ ಪರಿಶೀಲನೆಯಲ್ಲಿ ವರ್ಷಗಳ ಓದು ನೀರಿನಲ್ಲಿ ಹೋಮ ಮಾಡಿದಂತಾಗುತ್ತದೆ. ಮೊಬೈಲಿನಲ್ಲಿ ಬಂದದ್ದನ್ನು ಮುಂದಕ್ಕೆ ಕಳಿಸುವ ಮುನ್ನ, ಗುಂಪಿನ ಹಿಂದೆ ಹೋಗುವ ಮುನ್ನ ಇದನ್ನು ನೆನಪಿಡಿ.

ಠಾಣೆಯ ಹೊರಗೆ ಗುಂಪಾಗಿ ನಿಲ್ಲುವುದಕ್ಕಿಂತ, ಠಾಣೆಯ ಒಳಗೆ ಕುಳಿತು ಎಲ್ಲ ಸಮುದಾಯದ ದೂರನ್ನೂ ಸಮನಾಗಿ ಬರೆದುಕೊಳ್ಳುವ ಅಧಿಕಾರಿಗಳನ್ನು ನಮ್ಮ ಮನೆಗಳು ಕೊಡಲಿ. ಬೆಳಗಿನ ಓಟಕ್ಕೂ ಕನ್ನಡ ಬರವಣಿಗೆಗೂ ಸಂಘ ಒಂದು ತರಗತಿ ಆರಂಭಿಸಬೇಕೆಂದು ಅಧ್ಯಕ್ಷರಲ್ಲಿ ಕೋರುತ್ತೇನೆ. ಅದರ ಮೊದಲ ಸಾಲಿನಲ್ಲಿ ನಮ್ಮ ಹೆಣ್ಣುಮಕ್ಕಳೂ ಇರಲಿ.